ಪಂಚಮಿಯ ಅಡಿಗೆಮನೆಯಲ್ಲಿ ಬೀಜದ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ವರೆಗೆ ಬಿತ್ತುವರು. ಮನೆಯ ಬೀಜವು ಮೊಳೆಯದೆಂಬದು ಬಿತ್ತಿದ ಬಳಿಕ ತಿಳಿದರೆ ಕೂಲಿಯೂ ಹೋಯಿತು, ಹದವೂ ಹೋಯಿತು. ಎರೆಭೂಮಿಯ ತೇವವು ಎರಡನೆಯ ಬಿತ್ತಿಗೆಗಾಗಿ ಕಾಯ್ದು ನಿಲ್ಲುವದಿಲ್ಲ. ಆದ್ದರಿಂದ ಶ್ರಾವಣದ ನಾಗರಪಂಚಮಿಯ ಸುಮಾರಿಗೆ ಬೀಜವನ್ನು ಪರೀಕ್ಷಿಸತಕ್ಕದ್ದು. ಈ ಕೆಲಸವನ್ನು ಮನೆಯ ಚಿಕ್ಕ ಮಕ್ಕಳಿಂದ, ತಿಂಡಿ ಮಾಡುವ ಸಂತೋಷದೊಡನೆಯೇ ಮಾಡಿಸಬಹುದು.

ಮೊದಲು ಶೇಂಗಾ ಉಂಡಿ. ಹುರಿದು ಕುಟ್ಟಿದ ಶೇಂಗಾಪುಡಿ ಎರಡು ಬಟ್ಟಲು, ಬೆಲ್ಲದ ಪುಡಿ ಒಂದು ಬಟ್ಟಲು. ಹುರಿಯುವದು, ಕುಟ್ಟುವದು ದೊಡ್ಡವರ ಕೆಲಸ. ಅಳೆಯುವದು, ಕಲಸುವದು, ಕಟ್ಟುವದು ಮಕ್ಕಳ ಕೆಲಸ. ಎರಡಕ್ಕೊಂದು ಎಂಬ ಪ್ರಮಾಣವು ಪಾಟಿಯ ಮೇಲೆ ಬರೆದುದಕ್ಕಿಂತ ಕೈಯಿಂದ ಅಳೆದುದರಿಂದ ಬೇಗ ಮನಸ್ಸಿನಲ್ಲಿ ನಿಲ್ಲುವದು. ತೀರ ಸಣ್ಣವರಿಗೆ ಇಡಿ ಶೇಂಗಾ ಕೊಡಬಾರದು. ಗಂಟಲಲ್ಲಿ ಸಿಕ್ಕುವ ಭಯವುಂಟು.

ಎರಡನೆಯದು ಮಡಕಿಯ ಮೊಳಕೆಕಾಳು. ರಾತ್ರಿ ನೆನೆಯಿಟ್ಟು, ಮುಂಜಾನೆ ನೀರು ಬಸಿದು ಒದ್ದೆಯ ಅರಿವೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ ಕಾಣುವದು. ಕಟ್ಟುವಾಗ ನೂರು ಕಾಳುಗಳನ್ನು ಎಣಿಸಿ ಬೇರೆ ಗಂಟು ಮಾಡಿಸಿರಿ. ಬಿಚ್ಚಿದ ಬಳಿಕ ಮೊಳೆತವೆಷ್ಟು, ಉಳಿದವೆಷ್ಟು ಎಂಬದನ್ನು ಮಕ್ಕಳೇ ಎಣಿಸಿ ಹೇಳಲಿ. ತರುವಾಯ ಮೊಳಕೆಗಳನ್ನು ತೊಳೆದು, ಬೇಯಿಸಿ, ಉಪ್ಪು ಹಾಕಿ, ಲಿಂಬೆಯ ರಸ ಹಿಂಡಿ ತಿನ್ನಕೊಡಬೇಕು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದನ್ನೂ ಆಗ ಹೇಳಬಹುದು.

ಹೀಗೆ ಎಣಿಸಲು ಕಲಿತ ಕೈಗಳಿಗೆ ಬಿತ್ತುವ ಜೋಳವನ್ನು ಒಪ್ಪಿಸಿರಿ. ಚೀಲದ ಮೇಲೆ, ನಡುವೆ, ತಳದಲ್ಲಿ ತೆಗೆದ ಕಾಳುಗಳನ್ನು ಕೂಡಿಸಿ, ನೂರನ್ನು ಆರಿಸದೆ ಎಣಿಸಿ, ಒದ್ದೆಯ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು ಸುತ್ತಬೇಕು. ದಿನಾಲು ನೀರು ಚಿಮುಕಿಸಿ ನಾಲ್ಕನೆಯ ದಿನ ಒಮ್ಮೆ, ಹತ್ತನೆಯ ದಿನ ಕಡೆಯದಾಗಿ ಎಣಿಸಬೇಕು. ಇಬ್ಬರು ಮೂವರು ಮಕ್ಕಳು ಬೇರೆ ಬೇರೆ ನೂರು ಕಾಳು ಇಟ್ಟರೆ ಲೆಕ್ಕವು ಹೆಚ್ಚು ನಂಬಿಕೆಯದಾಗುವದು. ಪ್ರಮಾಣಿತ ಜೋಳದ ಬೀಜವು ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಂತೆ ಮೊಳೆಯಬೇಕೆಂಬ ನಿಯಮವುಂಟು. ಮನೆಯ ಬೀಜಕ್ಕೂ ಅದನ್ನೇ ಅಳತೆಯಾಗಿ ಹಿಡಿಯುವದು ಲೇಸು.

ಎರಡು ವಿಷಯಗಳಲ್ಲಿ ಎಚ್ಚರಿಕೆ ಅವಶ್ಯ. ಜೋಳದ ಎಳೆಯ ಮೊಳಕೆಯಲ್ಲಿ ವಿಷಾಂಶವಿರುವದು; ಎಳೆಜೋಳ ಮೇಯ್ದ ದನಗಳು ಸಾಯುವದು ಇದರಿಂದಲೇ. ಅದನ್ನು ಮಕ್ಕಳಿಗೆ ತಿನ್ನಕೊಡಲಾಗದು. ಔಷಧ ಹಚ್ಚಿದ ಬಣ್ಣದ ಬೀಜವನ್ನಂತೂ ಅವರ ಕೈಗೆ ಮುಟ್ಟಿಸಲೇಬಾರದು.

ಊರ ಹಿರಿಯರೂ ಭೂಮಾಲಿಕರೂ ತಮ್ಮೂರಿನ ಅಂಗನವಾಡಿಗೆ ಹಾಗೂ ಶಾಲೆಗೆ ಒಂದು ಸೇರು ಮಡಕಿ, ತಮ್ಮ ಬೀಜದ ಚೀಲದಿಂದ ಒಂದು ಬೊಗಸೆ ಜೋಳ ಕೊಟ್ಟರೆ ಸಾಕು. ಮಕ್ಕಳು ಹೇಳಿದ ಸಂಖ್ಯೆಯನ್ನು ಚೀಲದ ಮೇಲೆ ಬರೆದಿಡಿರಿ. ಅದು 75ನ್ನು ಮುಟ್ಟದಿದ್ದರೆ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬೇರೆ ಬೀಜ ಕೇಳಲು ಇನ್ನೂ ಒಂದು ತಿಂಗಳ ಅವಕಾಶ ಉಳಿದಿರುವದು.