ಬೆಳ್ಳಿ ಚಮಚದಲ್ಲೊಂದು ದೊಡ್ಡಮನೆ

ಊರು ನೋಡಲು ಹೋದವರು ಕೈಬೀಸಿಕೊಂಡು ವಾಪಸು ಬಂದರೆ ಮನೆಯವರು ಸುಮ್ಮನೆ ಬಿಡುತ್ತಾರೆಯೆ? "ಏನ್ ತಂದ್ರಿ?" ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಅಮೆರಿಕದವರಿಗೂ ಈ ಕಾಟ ತಪ್ಪಿದ್ದಲ್ಲ. ಅಲ್ಲಿನ ವ್ಯಾಪಾರಿಗಳು ಇದಕ್ಕೆ ಕಂಡುಕೊಂಡ ಉಪಾಯವೇ ಬೆಳ್ಳಿ ಚಮಚ!

1889ರಲ್ಲಿ ವಾಷಿಂಗ್ಟನ್ ನಗರದ ಗಾಲ್ಟ್ ಎಂಬ ಆಭರಣದಂಗಡಿ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮುಖವಿರುವ ಚಮಚ ಹೊರತಂದಿತು. ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು! ಊರಿಗೊಂದು ಚಮಚ, ಹಳೇ ಮನೆಗೊಂದು ಚಮಚ. ಮಾಲು ಸ್ಟರ್ಲಿಂಗ್, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಮಿಕ್ಕಿದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬಲು ಮೆತ್ತಗೆ; ಬೆರಕೆಯಿಲ್ಲದೆ ಚಮಚ ಬಗ್ಗೀತು.

ಹೀಗೆ ಚಮಚಕ್ಕೇರಿದ ಮನೆಗಳಲ್ಲಿ ಒಂದು ಮೌಂಟ್ ವರ್ನನ್. ವರ್ಜೀನಿಯಾದ ಪೊಟೊಮ್ಯಾಕ್ ನದಿ ದಂಡೆಯಲ್ಲಿರುವ ವಾಷಿಂಗ್ಟನ್ ಅವರ ಸ್ವಂತ ಮನೆ. ನೋಡಿದರೆ ಕಲ್ಲಿನ ಕಟ್ಟಡ, ಮುಟ್ಟಿದರೆ ಮರ! ಹಲಗೆಗೆ ಬಣ್ಣ ಬಳಿದು ಮರಳು ಎರಚಿ ಕಲ್ಲಿನ ರೂಪ ಕೊಟ್ಟಿದ್ದಾರೆ. 1850ರ ದಶಕದಲ್ಲಿ ಇದು ಬೀಳುವ ಸ್ಥಿತಿಗೆ ಬಂದಿತ್ತು. ಸರ್ಕಾರ ಕೈಹಾಕಲಿಲ್ಲ. ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬ ಮಹಿಳೆ ಸಂಘ ಕಟ್ಟಿ, ಊರೂರಲ್ಲಿ ಚಂದಾ ಎತ್ತಿದರು. 1858ರಲ್ಲಿ ಎರಡು ಲಕ್ಷ ಡಾಲರಿಗೆ ಮನೆಯ ಖರೀದಿ ಕುದುರಿತು. ಇಂದಿಗೂ ಅದೇ ಮಹಿಳಾ ಸಂಘವೇ ಅದರ ಒಡೆತನ ನಡೆಸುತ್ತಿದೆ. ಭೇಷ್ ಎನ್ನಬೇಕಾದ್ದೇ.

ಆದರೆ ಚಮಚದ ಗುಳಿಯಲ್ಲಿ ಹಿಡಿಯದ ಸಂಗತಿಯೂ ಒಂದುಂಟು. 1799ರಲ್ಲಿ ವಾಷಿಂಗ್ಟನ್ ತೀರಿಕೊಂಡಾಗ ಆ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಹೊಲ ಉತ್ತವರು, ಅಡಿಗೆ ಬೇಯಿಸಿದವರು, ಊಟದ ಮೇಜಿಗೆ ಬಡಿಸಿದವರು ಅವರೇ. ತಮ್ಮ ಹೆಸರಿನಲ್ಲಿದ್ದ 123 ಮಂದಿಗೆ ಬಿಡುಗಡೆ ಕೊಡಬೇಕೆಂದು ವಾಷಿಂಗ್ಟನ್ ಉಯಿಲು ಬರೆದಿದ್ದರು. 1801ರಲ್ಲಿ ಬಿಡುಗಡೆ ಆಯಿತು. ಪತ್ನಿಯ ಕಡೆಯಿಂದ ಬಂದಿದ್ದವರಿಗೆ ಆ ಭಾಗ್ಯವಿರಲಿಲ್ಲ.

ಆ ಗುಲಾಮರ ಸಮಾಧಿಗಳ ಜಾಗದಲ್ಲಿ 1929ರಲ್ಲಿ ಒಂದು ಕಲ್ಲು ನೆಟ್ಟರು. ಸರಿಯಾದ ಸ್ಮಾರಕ ಎದ್ದದ್ದು 1983ರಲ್ಲಿ. ಯಜಮಾನರ ಚಮಚ ಬಂದು ಆಗಲೇ 94 ವರ್ಷ ಕಳೆದಿತ್ತು!

ಬೆಳ್ಳಿ ಕಪ್ಪಾದರೆ ಉಜ್ಜಿ ಬೆಳ್ಳಗೆ ಮಾಡಬಹುದು. ಮುಚ್ಚಿಟ್ಟ ಕಥೆಯನ್ನೂ ಹಾಗೇ ಆಗಾಗ ಹೊರತೆಗೆದು ಉಜ್ಜುತ್ತಿರಬೇಕು. ಅಲ್ಲವೆ?