ಹಿಂದೆ ಬರುವ ಗಂಟೆ

ಮೊದಲು ಕಿವಿಗೆ ಬೀಳುವುದು ಗಂಟೆ. ಪೈನ್ ಮರಗಳಾಚೆಯ ತಿರುವಿನಲ್ಲಿ, ಯಾವ ಅವಸರವೂ ಇಲ್ಲದ ಕಿಣಿಕಿಣಿ. ತುಸು ಹೊತ್ತಿಗೆ ಕುದುರೆ ಬೆವರಿನ, ಹಸಿ ಲದ್ದಿಯ ವಾಸನೆ ಬರುತ್ತದೆ, ಆಮೇಲೆ ಕುದುರೆಯೇ ಕಾಣಿಸುತ್ತದೆ. ಪಕ್ಕದಲ್ಲಿ ಲಗಾಮನ್ನು ಸಡಿಲವಾಗಿ ಹಿಡಿದು, ತುಟಿಗೆ ಸಿಗರೇಟು ಸಿಕ್ಕಿಸಿಕೊಂಡ ನಾಶಿ ಜನಾಂಗದ ಯಜಮಾನರೊಬ್ಬರು. ಕೂಗುವುದಿಲ್ಲ, ಕಾಡುವುದಿಲ್ಲ. ನೀವು ನಿಂತರೆ ಅವರೂ ನಿಲ್ಲುತ್ತಾರೆ. ನೀವು ನೀರು ಕುಡಿಯುವಷ್ಟರಲ್ಲಿ ಕುದುರೆ ನಾಲ್ಕೆಸಳು ಹುಲ್ಲು ಕಿತ್ತಿರುತ್ತದೆ. ತಂಡದಲ್ಲಿ ಯಾರ ಮಂಡಿ ಮೊದಲು ಸೋಲುತ್ತದೆಂದು ಮೊದಲ ಏರಿನಲ್ಲೇ ಅಂದಾಜು ಮಾಡಿಕೊಂಡವರ ನೋಟ ಅದು. ಅವರ ಪಾಲಿಗೆ ನಮ್ಮ ಸುಸ್ತು ಕೊಯ್ಲಿಗೆ ಬರುತ್ತಿರುವ ಪೈರು.

ಇದು ಚೀನಾದ ನೈಋತ್ಯದ ಯುನ್ನಾನ್ ಪ್ರಾಂತ್ಯದಲ್ಲಿ, ಲಿಜಿಯಾಂಗ್ ಪಟ್ಟಣದ ಉತ್ತರಕ್ಕಿರುವ ಹುಲಿ ಹಾರಿದ ಕಮರಿ. ಬೇಟೆಗಾರನಿಗೆ ಹೆದರಿದ ಹುಲಿ ನಡುಹೊಳೆಯ ಬಂಡೆಗೆ ಕಾಲೂರಿ ಆಚೆ ದಡಕ್ಕೆ ನೆಗೆಯಿತೆಂಬುದು ಕತೆ. ಆ ಜಾಗದಲ್ಲಿ ಹುಲಿಯ ವಿಗ್ರಹವನ್ನೂ ನಿಲ್ಲಿಸಿದ್ದಾರೆ, ಬಸ್ಸಿನಲ್ಲಿ ಬಂದವರ ಜಾತ್ರೆಯೆಲ್ಲ ಅಲ್ಲೇ. ನಡೆಯುವವರ ದಾರಿ ಬೇರೆ. ಅದು ಹಾಬಾ ಪರ್ವತದ ಮಗ್ಗುಲನ್ನು ಹಿಡಿದು ಬಹಳ ಮೇಲೆ ಸಾಗುತ್ತದೆ. ಎದುರಿಗೆ, ಹೊಳೆಯಾಚೆ, ಕತ್ತೆತ್ತಿದಷ್ಟೂ ಮುಗಿಯದ ಬೂದುಗಲ್ಲಿನ ಗೋಡೆ, ಅದರ ತುದಿಗೆ ಮೋಡ, ಮೋಡ ಸರಿದರೆ 5,596 ಮೀಟರ್ ಎತ್ತರದ ಯುಲಾಂಗ್ ಪರ್ವತದ ಹಿಮ. ಎರಡು ಬೆಟ್ಟಗಳ ನಡುವೆ ಜಿನ್ಶಾ, ಅಂದರೆ ಯಾಂಗ್ತ್ಸೆ ನದಿಯ ಮೇಲ್ಹರಿವು. ಮಳೆಗಾಲದಲ್ಲಿ ಕೆಸರುಗೆಂಪು, ಚಳಿಗಾಲದಲ್ಲಿ ಹಸಿರು. ಕಣ್ಣಿಗೆ ಕಾಣದ ಕಡೆಯಲ್ಲೂ ಅದರ ಮೊರೆತ ಮಾತ್ರ ತಪ್ಪುವುದಿಲ್ಲ.

28 ತಿರುವುಗಳೆಂಬ ಏರು ಶುರುವಾದಾಗ ತಂಡದ ಹರಟೆ ನಿಲ್ಲುತ್ತದೆ. ಹಾಡುತ್ತಿದ್ದವನು ಸುಮ್ಮನಾಗುತ್ತಾನೆ, ಮುಂದಿದ್ದವನು ಫೋಟೊ ತೆಗೆಯುವ ನೆಪದಲ್ಲಿ ನಿಲ್ಲುತ್ತಾನೆ. ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ ಬಾಣದ ಗುರುತು, ಪಕ್ಕದಲ್ಲೇ ಮುಂದಿನ ವಸತಿಗೃಹದ ಹೆಸರು. ದಾರಿ ತೋರಿಸುವುದೂ ಜಾಹೀರಾತೂ ಒಂದೇ ಕುಂಚದಲ್ಲಿ ಮುಗಿದಿದೆ. ಗಂಟೆ ಈಗ ತೀರಾ ಹತ್ತಿರ. ಯಾರೋ ಕಲ್ಲಿನ ಮೇಲೆ ಕುಸಿಯುತ್ತಾರೆ. ಭಾಷೆ ಬೇಕಿಲ್ಲ, ಬೆರಳುಗಳಲ್ಲೇ ಚೌಕಾಸಿ ನಡೆದು, ಕುಸಿದವರು ಜೀನಿನ ಮೇಲೆ ಕೂತು ನಮ್ಮನ್ನೆಲ್ಲ ದಾಟಿ ಹೋಗುತ್ತಾರೆ. ಏರಿನ ನೆತ್ತಿ ಸುಮಾರು 2,670 ಮೀಟರ್. ಅಲ್ಲಿಗೆ ನಡೆದೇ ಮುಟ್ಟಿದವರ ಹೆಮ್ಮೆಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಇರುತ್ತದೆ.

ಸಂಜೆಯ ತಂಗುದಾಣ ಒಂದು ತೊಟ್ಟಿಮನೆ. ಸೂರಿನಿಂದ ಇಳಿಬಿಟ್ಟ ಮುಸುಕಿನ ಜೋಳದ ತೆನೆಗಳು, ಅಂಗಳದಲ್ಲಿ ಹರಡಿದ ಅಕ್ರೋಟು, ಒಲೆಯ ಹೊಗೆ. ಮನೆಯಾಕೆ ಗೋಧಿ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ, ಎಣ್ಣೆ ಸುರಿದ ಬಾಣಲೆಗೆ ಇಳಿಸುತ್ತಾಳೆ; ಚುಂಯ್ ಎನ್ನುವ ಸದ್ದಿನ ಹಿಂದೆಯೇ ಹಸಿವು ಎದ್ದು ನಿಲ್ಲುತ್ತದೆ. ದಪ್ಪನೆಯ ಆ ರೊಟ್ಟಿಗೆ ಇಲ್ಲಿ ಬಾಬಾ ಅನ್ನುತ್ತಾರೆ. ಬೆನ್ನಚೀಲದವರು 1980ರ ದಶಕದಿಂದಲೇ ಇತ್ತ ನುಸುಳುತ್ತಿದ್ದರು, ವಿದೇಶಿಯರಿಗೆ ಕಮರಿ ಅಧಿಕೃತವಾಗಿ ತೆರೆದದ್ದು 1993ರಲ್ಲಿ. ಈಗ ಅದೇ ಅಡುಗೆಮನೆಯಿಂದ ಕಾಫಿಯೂ ಬರುತ್ತದೆ, ಕೇಕೂ ಬರುತ್ತದೆ. ನನ್ನನ್ನು ಕೇಳಿದರೆ, ರೊಟ್ಟಿಯೇ ಸಾಕು.

ಮರುದಿನದ ದಾರಿ ಏರುವುದಿಲ್ಲ, ಹೆದರಿಸುತ್ತದೆ. ಬಂಡೆಯನ್ನು ಕೊರೆದು ಮಾಡಿದ ಕಿರುಹಾದಿ. ಒಂದು ಬದಿಗೆ ಊರಿನ ಗದ್ದೆಗಳಿಗೆ ನೀರು ಒಯ್ಯುವ ಕಾಲುವೆ, ಇನ್ನೊಂದು ಬದಿಗೆ ಏನೂ ಇಲ್ಲ. ಜಲಪಾತವೊಂದು ಹಾದಿಗೇ ಅಡ್ಡ ಬಿದ್ದು ಬೂಟು ತೋಯಿಸುತ್ತದೆ. ಎದುರಿನಿಂದ ಆಡಿನ ಮಂದೆ ಬಂದರೆ ಗೋಡೆಗೆ ಒರಗಿ ನಿಲ್ಲಬೇಕಾದವರು ನಾವು, ಆಡುಗಳಲ್ಲ. ಕೆಳಗಿನ ನದಿಗೆ ಅಣೆಕಟ್ಟು ಕಟ್ಟುವ ಮಾತು 2004ರ ಹೊತ್ತಿಗೆ ಜೋರಾಗಿತ್ತು. ವಿರೋಧ ಎದ್ದು, 2007ರ ಕೊನೆಗೆ ಯೋಜನೆ ನಿಂತಿತು. ಅಣೆಕಟ್ಟು ಬರದಿದ್ದರೂ ರೈಲು ಬಂದಿದೆ: 2023ರ ನವೆಂಬರಿನಿಂದ ಲಿಜಿಯಾಂಗ್–ಶಾಂಗ್ರಿಲಾ ರೈಲು ಜಿನ್ಶಾದ ಮೇಲೆ 660 ಮೀಟರ್ ಅಂತರದ ತೂಗುಸೇತುವೆಯಲ್ಲಿ ಓಡುತ್ತಿದೆ.

ಕಡೆಗೆ ಡಾಂಬರು ರಸ್ತೆಗೆ ಇಳಿದಾಗ ವ್ಯಾನಿನವರು ಕಾದಿರುತ್ತಾರೆ. ಕಾಲಲ್ಲಿ ಇನ್ನೂ ಕಸುವಿದ್ದವರು ರಸ್ತೆ ದಾಟಿ ಹೊಳೆಯ ತನಕ ಇಳಿಯಬಹುದು. ಆ ಕಾಲುದಾರಿಯನ್ನು ಕಡಿದವರು ಊರಿನವರೇ, ಹಾಗಾಗಿ ಇಳಿಯಲು ಅವರಿಗೆ ಸುಂಕ ಕೊಡಬೇಕು. ಮೇಲೆ ಬರುವಾಗ ಬಂಡೆಗೆ ಬಿಗಿದ ಕಬ್ಬಿಣದ ಏಣಿಯೊಂದಿದೆ, ಬೇಗ ಬರಬಹುದು. ಏಣಿ ಹತ್ತುವವರು ಅದಕ್ಕೆ ಬೇರೆ ಸುಂಕ ಕೊಡಬೇಕು.