ಬ್ರೇಕ್ ಪೈಪಿಗೂ ವಯಸ್ಸಾಗುತ್ತದೆ!

ನಮ್ಮ ರಾಜೇಶ್ವರ ಹೆದ್ದಾರಿ ಪಕ್ಕದ ಊರು. ಸೊಲ್ಲಾಪುರ–ಹೈದರಾಬಾದ್ ನಡುವಿನ ಲಾರಿಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಕಬ್ಬು ಕಡಿಯುವ ಕಾಲಕ್ಕೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳೂ ಸೇರಿಕೊಳ್ಳುತ್ತವೆ. ಈ ರಸ್ತೆಯಲ್ಲೇ ನನ್ನ ಮಗ ದಿನವೂ ಬೈಕಿನಲ್ಲಿ ಹುಮನಾಬಾದಿಗೆ ಹೋಗಿಬರುತ್ತಾನೆ. ಹಿಂದೆ ಕೂರುವವನು ಆರನೇ ತರಗತಿ ಓದುವ ನನ್ನ ಮೊಮ್ಮಗ.

ಒಂದು ಭಾನುವಾರ ಅಪ್ಪ-ಮಗ ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದರು. ಮೊಮ್ಮಗ ಒಂದು ಕೈಯಿಂದ ಮುಂದಿನ ಬ್ರೇಕ್ ಒತ್ತಿ, ಇನ್ನೊಂದು ಕೈಯಲ್ಲಿ ಅದರ ಕಪ್ಪು ಪೈಪು ಹಿಡಿದಿದ್ದ.

“ಮುತ್ಯಾ, ಇಲ್ಲಿ ಬಾ! ಬ್ರೇಕ್ ಒತ್ತಿದ್ರ ಪೈಪ್ ಉಬ್ಬತದ!”

ನಾನೂ ಮುಟ್ಟಿ ನೋಡಿದೆ. ನಿಜ, ಬೆರಳಿನಡಿ ತುಸು ಉಬ್ಬುತ್ತಿತ್ತು. ಬಾಗಿದ ಜಾಗದಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕುಗಳು. ಮಗನನ್ನು ಕೇಳಿದರೆ, “ಒಮ್ಮೆ ಒತ್ತಿದ್ರ ಮೆತ್ತಗ ಹೋಗ್ತದ. ಎರಡನೇ ಸಲ ಹಿಡೀತದ ಬಿಡಪ್ಪ” ಅಂದ. ತಿಂಗಳುಗಳಿಂದ ಹಾಗೇ ರೂಢಿಯಾಗಿಬಿಟ್ಟಿತ್ತು!

ಒಂದು ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡನೇ ಸಲ ಒತ್ತಲು ಅರ್ಧ ಸೆಕೆಂಡ್ ಹೆಚ್ಚು ಹಿಡಿದರೆ 8 ಮೀಟರ್ ಮುಂದೆ ಹೋಗಿರುತ್ತೇವೆ. ಎದುರಿಗೆ ಟ್ರ್ಯಾಕ್ಟರ್ ನಿಂತಿದ್ದರೆ?

ಬೆರಳಿನಿಂದ ಚಕ್ರದವರೆಗೆ

ನನ್ನ ವಯಸ್ಸಿನವರಿಗೆ ಜಾವಾ, ಯೆಜ್ಡಿ ಬೈಕುಗಳ ನೆನಪಿರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಆ ಬೈಕುಗಳು ತಯಾರಾಗುತ್ತಿದ್ದವು. ಅವಕ್ಕೆ ಡ್ರಮ್ ಬ್ರೇಕು. ಮುಂದಿನ ಬ್ರೇಕ್ ಒತ್ತಿದರೆ ತಂತಿಯ ಕೇಬಲ್ ಎಳೆದು ಚಕ್ರವನ್ನು ಹಿಡಿಯುತ್ತಿತ್ತು. 1999ರ ನಂತರ ನಮ್ಮ ದೇಶದ ಸಾಮಾನ್ಯ ಬೈಕುಗಳಿಗೂ ಡಿಸ್ಕ್ ಬ್ರೇಕ್ ಬರತೊಡಗಿತು. ಅದರಲ್ಲಿ ಎಳೆಯುವ ತಂತಿ ಇಲ್ಲ, ತಳ್ಳುವ ದ್ರವ ಇದೆ.

ಹ್ಯಾಂಡಲ್ ಬಳಿಯ ಪುಟ್ಟ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಲಿವರ್ ಒತ್ತಿದಾಗ ಒಂದು ಸಣ್ಣ ಪಿಸ್ಟನ್ ಆ ದ್ರವವನ್ನು ತಳ್ಳುತ್ತದೆ. ಒತ್ತಡ ಪೈಪಿನಲ್ಲಿ ಇಳಿದು ಚಕ್ರದ ಬಳಿಯ ದೊಡ್ಡ ಪಿಸ್ಟನ್ ತಲುಪುತ್ತದೆ. ಅದು ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಹೇಳಿದ್ದು ಇದನ್ನೇ. ಪಾಠದಲ್ಲಿ ಓದಿದ ಆ ನಿಯಮ ಅಪ್ಪನ ಬೈಕಿನಲ್ಲಿ ದಿನವೂ ಕೆಲಸ ಮಾಡುತ್ತಿದೆ.

ಮಾಡಿ ನೋಡಿ

ಸೂಜಿ ಇಲ್ಲದ ಎರಡು ಹೊಸ ಸಿರಿಂಜ್ ತನ್ನಿ, ಒಂದು ಸಣ್ಣದು, ಒಂದು ದೊಡ್ಡದು. ಗಾಳಿ ಉಳಿಯದಂತೆ ನೀರು ತುಂಬಿ ಗಟ್ಟಿ ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ. ಸಣ್ಣದನ್ನು ಒತ್ತಿದರೆ ದೊಡ್ಡದು ಸ್ವಲ್ಪವೇ ಸರಿಯುತ್ತದೆ, ಆದರೆ ಬಲವಾಗಿ ತಳ್ಳುತ್ತದೆ. ಈಗ ನಳಿಕೆಯ ಬದಲು ಎರಡೂ ತುದಿ ಕತ್ತರಿಸಿದ ಉದ್ದನೆಯ ಬಲೂನನ್ನು ದಾರದಿಂದ ಬಿಗಿದು ಕಟ್ಟಿ. ದೊಡ್ಡ ಸಿರಿಂಜನ್ನು ಹಿಡಿದುಕೊಂಡು ಸಣ್ಣದನ್ನು ಒತ್ತಿ. ಬಲೂನು ಉಬ್ಬುತ್ತದೆ! ನಿಮ್ಮ ಶ್ರಮವೆಲ್ಲ ಬಲೂನು ಹಿಗ್ಗಿಸಲಿಕ್ಕೇ ಹೋಯಿತು. ಹಳೆಯ ರಬ್ಬರ್ ಪೈಪಿನಲ್ಲಿ ಆಗುವುದೂ ಸ್ವಲ್ಪಮಟ್ಟಿಗೆ ಇದೇ.

ಒಳಗೊಳಗೇ ಸೊರಗುವ ರಬ್ಬರು

ರಬ್ಬರ್ ಬ್ರೇಕ್ ಪೈಪು ಕೆಟ್ಟದ್ದಲ್ಲ. ಎರಡು ರಬ್ಬರ್ ಪದರಗಳ ನಡುವೆ ಹೆಣೆದ ನೂಲು ಇರುವುದರಿಂದ ಹೊಸದಿದ್ದಾಗ ಗಟ್ಟಿಯಾಗಿಯೇ ಇರುತ್ತದೆ. ಆದರೆ ಬಿಸಿಲು, ಧೂಳು, ಕಾವು, ಹ್ಯಾಂಡಲ್ ತಿರುಗಿದಾಗಲೆಲ್ಲ ಬಾಗುವುದು ಇವೆಲ್ಲ ಅದನ್ನು ಮುದಿಯಾಗಿಸುತ್ತವೆ. ಕೆಲವೊಮ್ಮೆ ಒಳಪದರ ಊದಿ ದಾರಿ ಕಟ್ಟುತ್ತದೆ. ಆಗ ಬ್ರೇಕ್ ಬಿಟ್ಟರೂ ಚಕ್ರ ಬಿಗಿಯಾಗಿಯೇ ಇರುತ್ತದೆ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಪೈಪ್ ಬದಲಿಸಿ ಎಂದು ಹಲವು ಬೈಕುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ನಮ್ಮದಕ್ಕೆ 12 ವರ್ಷವಾಗಿತ್ತು!

ತವಾದ ಲೇಪ, ಉಕ್ಕಿನ ಜಡೆ

ಮೆಕ್ಯಾನಿಕ್ ಮೊದಲು ಪ್ಯಾಡು, ಆಯಿಲ್ ನೋಡಿದ. ಲೈನಿನಲ್ಲಿ ಗಾಳಿ ಸೇರಿದ್ದರೂ ಬ್ರೇಕ್ ಮೆತ್ತಗಾಗುತ್ತದೆ ಎಂದು ಅದನ್ನೂ ತೆಗೆದ. ಆದರೂ ಪೈಪು ಉಬ್ಬುವುದು ನಿಲ್ಲಲಿಲ್ಲ. “ಕಾಕಾ, ಇದರ ಆಯುಷ್ಯ ಮುಗದದ. ಸ್ಟೀಲ್ ಜಾಳಿಗಿದು ಹಾಕೋಣ” ಅಂದ.

ಹೊಸ ಪೈಪಿನ ಒಳಗೆ ಟೆಫ್ಲಾನ್ ನಳಿಕೆ ಇದೆ. ಹೌದು, ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಅದೇ ವಸ್ತು! 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ವಿಜ್ಞಾನಿಗೆ ಬೇರೇನೋ ಹುಡುಕುವಾಗ ಆಕಸ್ಮಿಕವಾಗಿ ಸಿಕ್ಕಿದ್ದು. ಆ ನಳಿಕೆಯ ಸುತ್ತ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದಿರುತ್ತಾರೆ. ಪೈಪು ಬಾಗುತ್ತದೆ, ಆದರೆ ಉಬ್ಬುವುದು ತೀರಾ ಕಡಿಮೆ.

ಹಳೆಯದನ್ನು ಬಿಚ್ಚಿ ಅಷ್ಟೇ ಉದ್ದದ ಹೊಸದನ್ನು ಜೋಡಿಸಿದ. ಎರಡು ತುದಿಯ ಬೋಲ್ಟುಗಳಿಗೆ ಎರಡೆರಡರಂತೆ ನಾಲ್ಕು ಹೊಸ ತಾಮ್ರದ ವಾಷರ್. ಒಮ್ಮೆ ಬಿಗಿದ ವಾಷರ್ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಆಯಿಲ್ ಸೋರಬಹುದು. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಪೈಪು ಎಲ್ಲಿಯೂ ಜಗ್ಗುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿದ. ಉಕ್ಕಿನ ಹೆಣಿಗೆ ಅರದ ಹಾಗೆ ಪಕ್ಕದ ವೈರು, ಮಡ್‌ಗಾರ್ಡುಗಳನ್ನು ತಿಂದುಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಪೈಪು ಒಳ್ಳೆಯದು.

ಕೊನೆಗೆ ಹೊಸ ಆಯಿಲ್. ಇದು ಗಾಳಿಯ ತೇವ ಹೀರುವ ಸ್ವಭಾವದ್ದು. ಡಾಟ್ 4 ಎಂಬ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್ ಶಾಖವನ್ನಾದರೂ ಕುದಿಯದೆ ತಡೆಯಬೇಕು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆಯಾದರೆ ಬ್ರೇಕಿಲ್ಲ. ಮೆಕ್ಯಾನಿಕ್ ಕೆಳಗಿನ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ ಗುಳ್ಳೆ ಬರುವುದು ನಿಲ್ಲುವವರೆಗೂ ಗಾಳಿ ತೆಗೆದ. ಮೊಮ್ಮಗ ಗುಳ್ಳೆ ಎಣಿಸುತ್ತಾ ಕೂತಿದ್ದ.

ನಿಂತಲ್ಲೇ ನಿಲ್ಲುತ್ತದೆಯೇ?

ಇಲ್ಲ. ಬೈಕನ್ನು ನಿಲ್ಲಿಸುವುದು ಕೊನೆಗೂ ಟಯರು ಮತ್ತು ರಸ್ತೆಯ ನಡುವಿನ ಹಿಡಿತ. ಸವೆದ ಟಯರಿಗೆ, ಒದ್ದೆ ರಸ್ತೆಗೆ ಉಕ್ಕಿನ ಪೈಪು ಏನೂ ಮಾಡಲಾರದು. ಬೆರಳು ಹೇಳಿದ ಮಾತನ್ನು ಅದು ಚಕ್ರಕ್ಕೆ ನೇರವಾಗಿ ಮುಟ್ಟಿಸುತ್ತದೆ, ಅಷ್ಟೇ. ಹೊಸ ರಬ್ಬರ್ ಪೈಪು ಹಾಕಿಸಿದರೂ ತಪ್ಪಿಲ್ಲ, ಹಳೆಯದನ್ನು ಉಳಿಸಿಕೊಳ್ಳುವುದು ತಪ್ಪು. ಎಬಿಎಸ್ ಇರುವ ಬೈಕಿಗೆ ಪೈಪುಗಳು ಹೆಚ್ಚು, ಅದರ ಕೆಲಸ ಬಲ್ಲವರಿಂದಲೇ ಮಾಡಿಸಿ.

ಮಕ್ಕಳೇ, ಬ್ರೇಕನ್ನು ನೀವೇ ಬಿಚ್ಚಬೇಡಿ. ಆಯಿಲ್ ವಿಷ, ಬಣ್ಣವನ್ನೂ ಕಿತ್ತುಹಾಕುತ್ತದೆ. ಆದರೆ ನೋಡಲು ಅಡ್ಡಿಯಿಲ್ಲ. ನಿಂತ ಬೈಕಿನ ಬ್ರೇಕ್ ಒತ್ತಿ ಹಿಡಿದು ಪೈಪು ಮುಟ್ಟಿ. ಉಬ್ಬುತ್ತಿದೆಯೇ? ಬಿರುಕಿದೆಯೇ? ಬುಡದಲ್ಲಿ ಒದ್ದೆಯಿದೆಯೇ? ಇದ್ದರೆ ಕೂಡಲೇ ಮನೆಯಲ್ಲಿ ಹೇಳಿ. ಅಜ್ಜ-ಅಜ್ಜಿಯರೇ, ಮಕ್ಕಳು ಹೇಳಿದಾಗ “ಎರಡನೇ ಸಲ ಹಿಡೀತದ ಬಿಡು” ಎಂದು ಸುಮ್ಮನಿರಬೇಡಿ.

ಮರುದಿನ ಬೆಳಿಗ್ಗೆ ಮಗ ಮನೆ ಮುಂದೆ ಒಮ್ಮೆ ಬ್ರೇಕ್ ಹಿಡಿದು ನೋಡಿ, “ಒಂದೇ ಸಲಕ್ಕ ಹಿಡೀತಪ್ಪ” ಅಂದ. ಹಿಂದೆ ಕೂತಿದ್ದ ಮೊಮ್ಮಗ ಹೆಲ್ಮೆಟ್ಟಿನೊಳಗಿಂದಲೇ ನಗುತ್ತಿದ್ದ.